ಶಿಬಿರ ಕೇಳದೇ ಬಿಟ್ಟ ಪ್ರಶ್ನೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಆರೋಗ್ಯ ತಪಾಸಣಾ ಶಿಬಿರ ಈಗ ಅಪರೂಪದ ಸಂಗತಿಯಲ್ಲ. ಶಾಲೆಯ ಸಭಾಭವನದಲ್ಲೋ ಸಹಕಾರಿ ಸಂಘದ ಮಾಳಿಗೆಯಲ್ಲೋ ಬೆಳಿಗ್ಗೆ ಏಳಕ್ಕೆಲ್ಲ ಸರದಿ ನಿಂತಿರುತ್ತದೆ. ಜನ ಬರಿಹೊಟ್ಟೆಯಲ್ಲಿ ಬಂದು, ತೋಳು ಕೊಟ್ಟು, ರಕ್ತ ತೆಗೆಸಿಕೊಂಡು, ಸಂಘಟಕರು ಕೊಡುವ ಅವಲಕ್ಕಿ ತಿಂದು ಮನೆಗೆ ಹೋಗುತ್ತಾರೆ. ಒಂದೆರಡು ದಿನ ಬಿಟ್ಟು ಮೊಬೈಲಿಗೆ ವರದಿ ಬರುತ್ತದೆ. ಎಡಕ್ಕೆ ಪರೀಕ್ಷೆಯ ಹೆಸರು, ನಡುವೆ ಬಂದ ಅಂಕಿ, ಬಲಕ್ಕೆ ಇರಬೇಕಾದ ಮಿತಿ. ಮಿತಿ ದಾಟಿದ್ದೆಲ್ಲ ದಪ್ಪಕ್ಷರದಲ್ಲಿ. ಪುಟ ತಿರುಗಿಸುವವರು ದಪ್ಪಕ್ಷರವನ್ನಷ್ಟೇ ಓದುತ್ತಾರೆ. ಉಳಿದದ್ದನ್ನು ಓದಿ ಹೇಳುವವರು ಅಲ್ಲಿ ಇರುವುದೂ ಕಡಿಮೆ.

ಈ ಪದ್ಧತಿಯಿಂದ ಆದ ಒಳ್ಳೆಯದನ್ನು ಮೊದಲು ಹೇಳಬೇಕು. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಿಲ್ಲದೇ ಐದಾರು ವರ್ಷ ಕಳೆದವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿಗೆ ಅದು ಮೊದಲು ಗೊತ್ತಾಗುವುದು ಇಂಥ ಶಿಬಿರದಲ್ಲೇ. ರಕ್ತದೊತ್ತಡ, ಹಿಮೋಗ್ಲೋಬಿನ್, ಮೂತ್ರಪಿಂಡದ ಕ್ರಿಯಾಟಿನಿನ್ ಇವು ಯಾವ ಊರಿನ ದೇಹಕ್ಕೂ ಬೇಕಾದ ಪರೀಕ್ಷೆಗಳು. ಬಸ್ಸಿಗೆ ಕಾಯ್ದು, ಒಂದು ದಿನದ ಕೂಲಿ ಬಿಟ್ಟು ಪೇಟೆಗೆ ಹೋಗಬೇಕಾದವರ ಊರಿಗೇ ಸೂಜಿ, ಕೊಳವೆ ಬಂದಿದ್ದು ಸಣ್ಣ ಉಪಕಾರವಲ್ಲ.

ನನ್ನ ತಕರಾರು ಇರುವುದು ಪರೀಕ್ಷೆಗಳ ಆಯ್ಕೆಯ ಮೇಲೆ. ಅರವತ್ತು, ಎಂಬತ್ತು ಅಂಶಗಳ ತಪಾಸಣೆ ಒಂದೇ ದರಕ್ಕೆ ಎಂದು ಜಾಹೀರಾತು ಹೇಳುತ್ತದೆ. ಒಂದು ಪರೀಕ್ಷೆಯ ಸಾಮಾನ್ಯ ಮಿತಿಯನ್ನು ಗೊತ್ತುಮಾಡುವ ಕ್ರಮವೇ ಹೀಗಿದೆ: ಆರೋಗ್ಯವಂತರ ದೊಡ್ಡ ಗುಂಪನ್ನು ತೆಗೆದುಕೊಂಡು, ಅವರಲ್ಲಿ ನೂರಕ್ಕೆ 95 ಮಂದಿಯ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇದೆಯೋ ಅದನ್ನೇ ಮಿತಿ ಎನ್ನುತ್ತಾರೆ. ಅಂದಮೇಲೆ ಏನೂ ರೋಗವಿಲ್ಲದ ನೂರರಲ್ಲಿ ಐವರು ಹೇಗೂ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ, ಗಟ್ಟಿಮುಟ್ಟಾದ ಮನುಷ್ಯನಿಗೂ ಒಂದಾದರೂ ದಪ್ಪಕ್ಷರ ಬರುವ ಸಾಧ್ಯತೆ ನೂರಕ್ಕೆ 64. ಅರವತ್ತು ಮಾಡಿದರೆ 95. ದೇಹದೊಳಗಿನ ಅಂಶಗಳು ಒಂದಕ್ಕೊಂದು ಹೆಣೆದುಕೊಂಡೇ ಇರುವುದರಿಂದ ನಿಜದಲ್ಲಿ ಇಷ್ಟು ಆಗಲಿಕ್ಕಿಲ್ಲ. ಆದರೂ ಪಟ್ಟಿ ಉದ್ದವಾದಷ್ಟೂ ಸುಳ್ಳು ಹೆದರಿಕೆ ಹೆಚ್ಚುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆ ಹೆದರಿಕೆಗೆ ಮತ್ತೊಂದು ಪರೀಕ್ಷೆ, ಸ್ಕ್ಯಾನು, ಬೆಂಗಳೂರಿಗೋ ಮಂಗಳೂರಿಗೋ ಓಡಾಟ.

ಇಷ್ಟು ಉದ್ದದ ಪಟ್ಟಿಯಲ್ಲೂ ಅಕ್ಕಪಕ್ಕದ ಎರಡು ಅಂಕಿಗಳನ್ನು ಕೂಡಿಸಿ ಓದುವವರಿಲ್ಲ. ಮೂರು ತಿಂಗಳ ಸಕ್ಕರೆ ಎಂದು ನಾವು ಕರೆಯುವ ಎಚ್‌ಬಿಎ1ಸಿ ಪರೀಕ್ಷೆಯನ್ನೇ ನೋಡಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ರಕ್ತದ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟುತ್ತಾ ಹೋಗುತ್ತದೆ. ಆ ಅಂಟಿನ ಲೆಕ್ಕವೇ ಎ1ಸಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದವರಲ್ಲಿ ಈ ಅಂಕಿ ಇರುವುದಕ್ಕಿಂತ ಸ್ವಲ್ಪ ಹೆಚ್ಚಾಗಿ ಕಾಣಬಹುದು. ನಮ್ಮ ಹೆಂಗಸರಲ್ಲಿ ಕಬ್ಬಿಣದ ಕೊರತೆ ಎಷ್ಟು ಸಾಮಾನ್ಯ ಎಂಬುದು ಎಲ್ಲರಿಗೂ ಗೊತ್ತು. ಎರಡನೇ ಪುಟದಲ್ಲಿ ಹಿಮೋಗ್ಲೋಬಿನ್ 9, ಐದನೇ ಪುಟದಲ್ಲಿ ಎ1ಸಿ 6.1 ಎಂದಿದ್ದರೆ ಆ ಹೆಂಗಸಿಗೆ ಮೊದಲು ಬೇಕಾದದ್ದು ಕಬ್ಬಿಣದ ಮಾತ್ರೆಯೋ ಸಕ್ಕರೆಯ ಪಥ್ಯವೋ? ಯಂತ್ರಕ್ಕೆ ಎರಡೂ ಬೇರೆ ಬೇರೆ ಸಾಲು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಶಿಬಿರದ ಪಟ್ಟಿ ತಯಾರಾದದ್ದು ಕುರ್ಚಿಯಲ್ಲಿ ಕೂತು ದುಡಿಯುವ ನಗರದ ಮನುಷ್ಯನನ್ನು ಎದುರಿಗಿಟ್ಟುಕೊಂಡು. ಕೊಲೆಸ್ಟರಾಲ್, ಥೈರಾಯ್ಡ್, ಡಿ ಜೀವಸತ್ವ. ಅದೇ ಪಟ್ಟಿ ಗುಡ್ನಾಪುರಕ್ಕೂ ಬರುತ್ತದೆ.

ಗುಡ್ನಾಪುರ ಇರುವುದು ಬನವಾಸಿಯ ಮಗ್ಗುಲಲ್ಲಿ. ಕದಂಬ ರವಿವರ್ಮನ ಶಾಸನಸ್ತಂಭ ಸಿಕ್ಕ ಊರೆಂದು ಇತಿಹಾಸದವರು ಬರುತ್ತಾರೆ, ಕೆರೆ ನೋಡಲು ಉಳಿದವರು ಬರುತ್ತಾರೆ. ಬೇಸಾಯಗಾರನ ಕಣ್ಣಿಗೆ ಅದು ಗಡಿಯ ಊರು. ಪಶ್ಚಿಮಕ್ಕೆ ಹೋದರೆ ಅಡಿಕೆ ತೋಟ, ಸೊಪ್ಪಿನ ಬೆಟ್ಟ. ಪೂರ್ವಕ್ಕೆ ಇಳಿದರೆ ಸೊರಬ, ಹಾನಗಲ್ಲಿನ ಬಯಲು. ನಡುವೆ ಬತ್ತದ ಗದ್ದೆ, ಬನವಾಸಿ ಸೀಮೆಗೆ ಹೆಸರು ತಂದ ಅನಾನಸು, ಗುತ್ತಿಗೆಗೆ ಹಿಡಿದ ಜಮೀನಿನ ಶುಂಠಿ, ಗೋವಿನಜೋಳ. ಇಲ್ಲಿ ದುಡಿಯುವವನ ಮೈಗೆ ಏನು ತಾಗುತ್ತದೆ, ಹೊಟ್ಟೆಗೆ ಏನು ಹೋಗುತ್ತದೆ, ಕಾಡಿಗೆ ಹೋದಾಗ ಏನು ಕಚ್ಚುತ್ತದೆ ಎಂದು ಕೇಳಿದರೆ ಬೇರೆಯೇ ಪಟ್ಟಿ ಬರುತ್ತದೆ. ದೇಹದೊಳಗಿನ ಗುರುತುಗಳನ್ನು ಓದುವ ವಿಜ್ಞಾನ ಇವತ್ತು ಈ ಮೂರಕ್ಕೂ ಉತ್ತರ ಕೊಡುವಷ್ಟು ಬೆಳೆದಿದೆ. ಕೇಳುವವರು ಬೇಕು.

ಮೈಗೆ ತಾಗುವುದರಿಂದ ಶುರುಮಾಡೋಣ. ಮಳೆಗಾಲದಲ್ಲಿ ಹೊಳವಾದ ದಿನ ಅಡಿಕೆ ಮರ ಹತ್ತುವ ಕೊನೆಗೌಡ ತೋಟಕ್ಕೆ ಇಳಿಯುತ್ತಾನೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಕೆಳಗೆ ಡ್ರಮ್ಮಿನಲ್ಲಿ. ಮರದ ತುದಿಯಲ್ಲಿ ಒಂದು ಕೈಯಲ್ಲಿ ಮರ ಅಪ್ಪಿ, ಇನ್ನೊಂದು ಕೈಯಲ್ಲಿ ಕೊಳವೆ ಹಿಡಿದು ಅಡಿಕೆ ಕೊನೆಗೆ ಹೊಡೆಯುತ್ತಾನೆ. ಹೊಡೆದದ್ದರಲ್ಲಿ ಒಂದು ಪಾಲು ಅವನ ತಲೆಗೆ, ಕಣ್ಣಿಗೆ, ಬಾಯಿಗೆ ತಿರುಗಿ ಬರುತ್ತದೆ. ಸಂಜೆ ಇಳಿದಾಗ ಅಂಗಿ, ತೋಳು, ಹುಬ್ಬು ಎಲ್ಲ ತಿಳಿನೀಲಿ. ಕೊಳೆರೋಗದಿಂದ ಬೆಳೆ ಉಳಿಯಬೇಕಾದರೆ ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಇದೇ ಕೆಲಸ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದೇ ದ್ರಾವಣ ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ತುಂಬಿದ ಗಂಟುಗಳನ್ನು ವೈದ್ಯರು 1969ರಲ್ಲೇ ವರದಿ ಮಾಡಿದ್ದರು.

ಹಾಗಾದರೆ ಕೊನೆಗೌಡನ ರಕ್ತದಲ್ಲಿ ತಾಮ್ರ ಅಳೆದರೆ ಸಾಕಲ್ಲ ಎಂದು ತೋಚುತ್ತದೆ. ಸಾಲದು. ರಕ್ತದ ತಾಮ್ರದ ಬಹುಪಾಲು ಸೆರುಲೊಪ್ಲಾಸ್ಮಿನ್ ಎಂಬ ಪ್ರೋಟೀನಿನ ಜೊತೆ ಇರುತ್ತದೆ. ಪಿತ್ತಜನಕಾಂಗ ಅದನ್ನು ಬಿಗಿಯಾಗಿ ಕಾಯುತ್ತದೆ. ಎದೆಗೆ ಸೇರಿದ ತಾಮ್ರ ರಕ್ತದ ಅಂಕಿಯಲ್ಲಿ ಕಾಣದೇ ಹೋಗಬಹುದು. ಬಸುರಿಯರಲ್ಲಿ, ಎಲ್ಲೋ ಒಂದು ಗಾಯ ಬಾವು ಇದ್ದವರಲ್ಲಿ ಸಿಂಪಡಣೆಯ ಸಂಬಂಧವಿಲ್ಲದೇ ಏರಿರಬಹುದು. ಇಂಥವನಿಗೆ ಉಪಯೋಗಕ್ಕೆ ಬರುವುದು ಉಸಿರಿನ ಶಕ್ತಿ ಅಳೆಯುವ ಸ್ಪೈರೊಮೆಟ್ರಿ, ಬೇಕಿದ್ದರೆ ಎದೆಯ ಎಕ್ಸ್‌ರೇ. ಗುರುತು ಎಂದು ಹೆಸರು ಕೊಟ್ಟ ಮಾತ್ರಕ್ಕೆ ಅಳೆದದ್ದೆಲ್ಲ ಗುರುತಾಗುವುದಿಲ್ಲ.

ಕೀಟನಾಶಕದ ಕಥೆ ಬೇರೆ. ಅಡಿಕೆಯ ಬೇರುಹುಳುವಿಗೆ, ಶುಂಠಿಗೆ ಬಳಸುವ ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್‌ಗಳು ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ನರದಿಂದ ಸ್ನಾಯುವಿಗೆ ಹೋದ ಸಂದೇಶವನ್ನು ಅಳಿಸಿ ಮುಂದಿನದಕ್ಕೆ ಜಾಗ ಮಾಡುವುದು ಆ ಕಿಣ್ವದ ಕೆಲಸ. ಅದು ಕುಸಿದರೆ ಬೆವರು, ಜೊಲ್ಲು, ಕಣ್ಣು ಮಂಜು, ಸ್ನಾಯು ಸೆಳೆತ, ತೀರಾ ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಈ ಕಿಣ್ವ ರಕ್ತದಲ್ಲಿ ಎರಡು ಕಡೆ ಸಿಗುತ್ತದೆ. ಪ್ಲಾಸ್ಮಾದಲ್ಲಿರುವುದು ಬೇಗ ಕುಸಿದು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಕೆಂಪು ಕಣದ ಮೇಲಿರುವುದು ಚೇತರಿಸಿಕೊಳ್ಳಲು ಹೊಸ ಕಣಗಳೇ ಹುಟ್ಟಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ವಿಷದ ಒಡೆದ ಚೂರುಗಳನ್ನು ಮೂತ್ರದಲ್ಲೂ ಹುಡುಕಬಹುದು, ಆದರೆ ಕ್ಲೋರ್‌ಪೈರಿಫಾಸ್‌ನ ಚೂರು ಕೆಲವೇ ದಿನಗಳಲ್ಲಿ ಹರಿದುಹೋಗುತ್ತದೆ. ಇಂದು ಹೊಡೆದನೇ ಎಂದು ಮೂತ್ರ ಹೇಳುತ್ತದೆ, ಈ ಋತುವಿನಲ್ಲಿ ಎಷ್ಟು ಹೊಡೆದಿರಬಹುದು ಎಂದು ಕೆಂಪು ಕಣ ಹೇಳುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಶಿಬಿರದ ಇಡೀ ಪದ್ಧತಿಯನ್ನೇ ಅದು ಪ್ರಶ್ನಿಸುತ್ತದೆ. ಕೋಲಿನೆಸ್ಟರೇಸ್ ಮನುಷ್ಯನಿಂದ ಮನುಷ್ಯನಿಗೆ ಬಹಳ ವ್ಯತ್ಯಾಸ. ಹುಟ್ಟಿನಿಂದಲೇ ಹೆಚ್ಚು ಇರುವವನ ಕಿಣ್ವ ಮೂರನೇ ಒಂದು ಪಾಲು ಕುಸಿದರೂ ವರದಿಯಲ್ಲಿ ಅವನ ಅಂಕಿ ಮಿತಿಯೊಳಗೇ ಇರುತ್ತದೆ, ಸಣ್ಣಕ್ಷರದಲ್ಲಿ. ಊರಿನ ಸರಾಸರಿಗೆ ಹೋಲಿಸಿ ಉಪಯೋಗವಿಲ್ಲ, ಅವನ ಅಂಕಿಯನ್ನು ಅವನದೇ ಹಳೆಯ ಅಂಕಿಗೆ ಹೋಲಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯ ಇದನ್ನು 1974ರಿಂದ ನಡೆಸಿಕೊಂಡು ಬಂದಿದೆ. ಸಿಂಪಡಣೆಯ ಕೆಲಸಕ್ಕೆ ಇಳಿಯುವ ಮೊದಲು, ಕನಿಷ್ಠ ಒಂದು ತಿಂಗಳು ಔಷಧಿ ಮುಟ್ಟದೇ ಇದ್ದ ಮೇಲೆ, ಮೊದಲ ರಕ್ತ. ಆಮೇಲೆ ಕೆಲಸದ ದಿನಗಳಲ್ಲಿ ಮತ್ತೆ. ತನ್ನದೇ ಮೊದಲಿನ ಅಂಕಿಗಿಂತ ನೂರಕ್ಕೆ 20 ಇಳಿದರೆ ಕೆಲಸ ಮಾಡುವ ಕ್ರಮ ಸರಿಯಿದೆಯೇ ಎಂದು ನೋಡಬೇಕು. ಕೆಂಪು ಕಣದ್ದು 30, ಪ್ಲಾಸ್ಮಾದ್ದು 40 ಇಳಿದರೆ ಆ ಮನುಷ್ಯನನ್ನು ಔಷಧಿಯ ಕೆಲಸದಿಂದ ದೂರ ಇಡಬೇಕು. ಐವತ್ತು ವರ್ಷ ಹಳೆಯ, ಸರಳವಾದ ನಿಯಮ. ವರ್ಷಕ್ಕೊಮ್ಮೆ ಬಂದು ಒಂದೇ ಸಲ ರಕ್ತ ತೆಗೆದು ಹೋಗುವ ಶಿಬಿರಕ್ಕೆ ಇದು ಒಗ್ಗುವುದಿಲ್ಲ. ಒಗ್ಗದಿರುವುದಕ್ಕೆ ಕಾರಣ ಶಿಬಿರ ನಡೆಯುವ ಕ್ರಮ, ವಿಜ್ಞಾನದ ಕೊರತೆಯಲ್ಲ.

ಹೊಟ್ಟೆಗೆ ಹೋಗುವುದನ್ನು ತಿಳಿಯಲು ನಮ್ಮಲ್ಲಿರುವುದು ಕೇಳುವ ಪದ್ಧತಿ. ದಿನಕ್ಕೆ ಎಷ್ಟು ಉಪ್ಪು ತಿನ್ನುತ್ತೀರಿ ಎಂದರೆ ಯಾರು ಏನು ಹೇಳಿಯಾರು? ಸಾರಿನದು ಲೆಕ್ಕಕ್ಕೆ ಸಿಗಬಹುದು. ಊಟದ ಎಲೆಯ ತುದಿಯ ಅಪ್ಪೆಮಿಡಿ, ಮಜ್ಜಿಗೆಗೆ ಹಾಕಿದ ಚಿಟಿಕೆ, ಹಪ್ಪಳ, ಸಂಡಿಗೆ ಇವನ್ನೆಲ್ಲ ಲೆಕ್ಕವಿಟ್ಟು ತಿನ್ನುವವರಿಲ್ಲ. ದೇಹ ಲೆಕ್ಕ ಇಡುತ್ತದೆ. ತಿಂದ ಸೋಡಿಯಂನಲ್ಲಿ ನೂರಕ್ಕೆ ತೊಂಬತ್ತರಷ್ಟು ಮೂತ್ರದಲ್ಲಿ ಹೊರಬೀಳುತ್ತದೆ. 24 ಗಂಟೆಯ ಮೂತ್ರವನ್ನು ಒಟ್ಟುಮಾಡಿ ಅಳೆದಾಗ ಎರಡು ಗ್ರಾಂ ಸೋಡಿಯಂ ಸಿಕ್ಕರೆ ತಿಂದದ್ದು ಸುಮಾರು ಐದು ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹೇಳುವ ಮಿತಿಯೂ ಅದೇ ಐದು ಗ್ರಾಂ. ಇಂಟರ್‌ಸಾಲ್ಟ್ ಎಂಬ ಅಧ್ಯಯನ 52 ಕೇಂದ್ರಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೂತ್ರವನ್ನು ಹೀಗೇ ಅಳೆದು, ಉಪ್ಪಿಗೂ ರಕ್ತದೊತ್ತಡಕ್ಕೂ ಇರುವ ಸಂಬಂಧವನ್ನು 1988ರಲ್ಲಿ ಮುಂದಿಟ್ಟಿತು. ಒಬ್ಬನ ಒಂದು ದಿನದ ಮೂತ್ರ ಅವನ ಬಗ್ಗೆ ಹೆಚ್ಚೇನೂ ಹೇಳದು, ಹಿಂದಿನ ದಿನ ಮದುವೆ ಊಟ ಆಗಿರಬಹುದು. ಐವತ್ತು ಮನೆಯ ಮೂತ್ರ ಆ ಊರಿನ ಬಗ್ಗೆ ಹೇಳುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದಕ್ಕೆ ನನಗೂ ಹೆಮ್ಮೆಯಿದೆ. ಅದನ್ನು ದಿನಾ ತಿನ್ನುವವರ ಮೂತ್ರಪಿಂಡದ ಬಗ್ಗೆಯೂ ಅಷ್ಟೇ ಕಾಳಜಿ ಇರಬೇಕೆಂದು ಬಯಸುತ್ತೇನೆ.

ಇನ್ನೊಂದು ಗುರುತಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ, ಗುಡ್ನಾಪುರದಂಥ ಗಡಿ ಊರಿಗೆ ಅದು ಹೇಳಿ ಮಾಡಿಸಿದಂತಿದೆ. ಬತ್ತ ಮತ್ತು ಜೋಳ ಗಾಳಿಯ ಇಂಗಾಲವನ್ನು ಹೀರಿಕೊಳ್ಳುವ ರೀತಿ ಬೇರೆ ಬೇರೆ. ಜೋಳ, ರಾಗಿ, ಗೋವಿನಜೋಳ, ಕಬ್ಬು ಒಂದು ಗುಂಪು. ಅವುಗಳಲ್ಲಿ ಭಾರದ ಇಂಗಾಲ, ಅಂದರೆ ಇಂಗಾಲ-13, ಬತ್ತ ಗೋದಿಗಿಂತ ತುಸು ಹೆಚ್ಚು ಉಳಿದುಕೊಳ್ಳುತ್ತದೆ. ತಿಂದವರ ಕೂದಲು, ಉಗುರು, ಮೂಳೆಯಲ್ಲೂ ಆ ವ್ಯತ್ಯಾಸ ಕೂರುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಹಾನಗಲ್ಲಿನ ಕಡೆಯಿಂದ ಅನ್ನ ಉಣ್ಣುವ ಮನೆಗೆ ಮದುವೆಯಾಗಿ ಬಂದ ಹೆಣ್ಣಿನ ಉದ್ದ ಜಡೆಯ ತುದಿಯಲ್ಲಿ ರೊಟ್ಟಿಯ ಕಾಲ, ಬುಡದಲ್ಲಿ ಅನ್ನದ ಕಾಲ ಸಿಗಬೇಕು. ಪುರಾತತ್ವದವರು ಹಳೆಯ ಮೂಳೆಗಳಲ್ಲಿ ಊಟ ಹುಡುಕುವುದು ಇದೇ ದಾರಿಯಲ್ಲಿ. ಆದರೆ ನಮ್ಮ ಸೀಮೆಯಲ್ಲಿ ಇದನ್ನು ಓದುವವನಿಗೆ ಜೋನಿ ಬೆಲ್ಲದ ವಿಷಯ ಗೊತ್ತಿರಬೇಕು. ಕಬ್ಬೂ ಜೋಳದ ಗುಂಪಿನದೇ. ದೋಸೆಗೆ ಜೋನಿ ಬೆಲ್ಲ ಸುರಿದುಕೊಳ್ಳುವ ಮನೆಯವರ ಕೂದಲು ಸ್ವಲ್ಪ ಮಟ್ಟಿಗೆ ಜೋಳ ತಿಂದವರಂತೆ ಕಂಡೀತು. ಗೋವಿನಜೋಳದ ಹಿಂಡಿ ತಿಂದ ಆಕಳ ಹಾಲೂ ಅದೇ ಕಡೆ ವಾಲಿಸುತ್ತದೆ. ಊರಿನ ಅಡುಗೆಮನೆ ಗೊತ್ತಿಲ್ಲದವನ ಕೈಯಲ್ಲಿ ಅತ್ಯುತ್ತಮ ಯಂತ್ರವೂ ತಪ್ಪು ಓದುತ್ತದೆ.

ಕವಳದ, ಅಂದರೆ ಎಲೆಯಡಿಕೆಯ, ಮಾತು ತೆಗೆಯದೇ ಶಿರಸಿ ಸೀಮೆಯ ದೇಹದ ಬಗ್ಗೆ ಬರೆಯುವುದು ಅಪ್ರಾಮಾಣಿಕ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲೇ ತಂಬಾಕು ಸೇರಿದ ಕವಳ ಕ್ಯಾನ್ಸರ್‌ಕಾರಕ ಎಂದಿತ್ತು. 2004ರಲ್ಲಿ ಪ್ರಕಟವಾದ ಅದರ ಗ್ರಂಥ ಅಡಿಕೆಯನ್ನೇ, ತಂಬಾಕಿಲ್ಲದೆಯೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯಿಂದಲೇ ಅನ್ನ ಉಣ್ಣುವ ನಮಗೆ ಇದು ಹಿತವಾದ ಮಾತಲ್ಲ. ದೋಷ ತಂಬಾಕಿನದು, ಗುಟ್ಕಾದ್ದು, ಅಡಿಕೆಯದಲ್ಲ ಎಂಬ ವಾದ ತೋಟದ ಮನೆಗಳಲ್ಲಿ ನಡೆಯುತ್ತಲೇ ಇದೆ. ಈ ವಾದವನ್ನು ಭಾಷಣದಿಂದ ತೀರಿಸುವ ಬದಲು ದೇಹವನ್ನೇ ಕೇಳುವ ದಾರಿ ಇದೆ. ತಂಬಾಕು ತಿಂದವರಲ್ಲಿ ಕೊಟಿನಿನ್ ಸಿಗುತ್ತದೆ. ಅಡಿಕೆ ತಿಂದವರಲ್ಲಿ ಅರೆಕೊಲಿನ್ ಮತ್ತು ಅದರಿಂದ ಹುಟ್ಟುವ ಅರೆಕೈಡಿನ್. ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಇವನ್ನು ಜೊಲ್ಲು, ಮೂತ್ರ, ಕೂದಲಿನಲ್ಲಿ ಹುಡುಕುವ ಕ್ರಮಗಳನ್ನು ರೂಪಿಸಿದ್ದಾರೆ. ಶಾಂತಸಾಗರದ ಗುವಾಮ್, ಸೈಪಾನ್ ದ್ವೀಪಗಳಲ್ಲಿ ಅಡಿಕೆ ಬಿಡಿಸುವ ಪ್ರಯೋಗವೂ ನಡೆದಿದೆ.

ಅಲ್ಲಿಯ ಅಳತೆಯನ್ನು ಇಲ್ಲಿಗೆ ಹಾಗೇ ತರುವಂತಿಲ್ಲ. ನಾವು ಕವಳಕ್ಕೆ ಹಚ್ಚುವ ಸುಣ್ಣ ಬಾಯಲ್ಲೇ ಅರೆಕೊಲಿನ್ನನ್ನು ಅರೆಕೈಡಿನ್ ಆಗಿ ಒಡೆಯುತ್ತದೆ. ಬೇಯಿಸದೇ ಒಣಗಿಸಿದ ಚಾಲಿಯಲ್ಲಿರುವಷ್ಟು ಅರೆಕೊಲಿನ್ ಬೇಯಿಸಿದ ಕೆಂಪಡಿಕೆಯಲ್ಲಿ ಉಳಿಯುವುದಿಲ್ಲ. ಚಾಲಿ ತಿನ್ನುವವ, ಕೆಂಪಡಿಕೆ ತಿನ್ನುವವ, ಸುಣ್ಣ ಹೆಚ್ಚು ಹಚ್ಚುವವ, ತಂಬಾಕು ಸೇರಿಸುವವ ಇವರೆಲ್ಲ ಒಂದೇ ತಾಲ್ಲೂಕಿನಲ್ಲಿ ಸಿಗುವುದರಿಂದ ಈ ಅಧ್ಯಯನಕ್ಕೆ ಶಿರಸಿ, ಸಿದ್ದಾಪುರಕ್ಕಿಂತ ಒಳ್ಳೆಯ ಜಾಗ ಬೇರೆ ಕಾಣೆ. ಬೆಳೆಗಾರರೇ ಮುಂದೆ ನಿಂತು ಇದನ್ನು ಕೇಳಬೇಕೆಂಬುದು ನನ್ನ ಬೇಡಿಕೆ. ಉತ್ತರ ನಮಗೆ ಒಗ್ಗದಿದ್ದರೂ ಅದು ನಮ್ಮ ಮಕ್ಕಳ ಬಾಯಿಯ ಪ್ರಶ್ನೆ.

ಅಲ್ಲಿಯವರೆಗೆ ಶಿಬಿರ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ರಕ್ತವೇ ಬೇಡ. ಬಾಯಿ ತೆರೆಸಿ ಟಾರ್ಚ್ ಹಿಡಿಯುವುದು. ಬಿಳಿ ಕಲೆ, ಕೆಂಪು ಕಲೆ, ಗಟ್ಟಿಯಾದ ಕೆನ್ನೆಯ ಒಳಪದರ, ಮೂರು ಬೆರಳು ಹಿಡಿಸದ ಬಾಯಿ. ಅಡಿಕೆ ಜಗಿಯುವವರಲ್ಲಿ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಅದನ್ನು ಗುರುತಿಸಲು ನುರಿತ ಕಣ್ಣು ಸಾಕು. ಕೊಲೆಸ್ಟರಾಲಿನ ಐದು ಬಗೆ ಅಳೆದು ಬಾಯಿ ನೋಡದೇ ಕಳಿಸುವ ತಪಾಸಣೆಯನ್ನು ನಮ್ಮ ತಾಲ್ಲೂಕುಗಳಲ್ಲಿ ತಪಾಸಣೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಇನ್ನು ಉಳಿದದ್ದು ಕಾಡಿನಲ್ಲಿ ಕಚ್ಚುವುದು. ಪ್ರಶ್ನೆ ಊರಿನಿಂದಲೇ ಹುಟ್ಟಿ, ಉತ್ತರ ದೇಹದಿಂದ ಸಿಕ್ಕ ಉದಾಹರಣೆ ಗುಡ್ನಾಪುರದ ಪಕ್ಕದ ತಾಲ್ಲೂಕಿನಲ್ಲೇ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲ ಊರಿನವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್ ಮತ್ತು ಸಂಗಡಿಗರು ಬಂದರು. ಮಂಗ ಸಾಯುವ ಜ್ವರವೆಂದರೆ ಹಳದಿ ಜ್ವರವೇ ಇರಬೇಕೆಂಬ ಆತಂಕ ಮೊದಲಿಗೆ. ಸಿಕ್ಕಿದ್ದು ಉಣುಗಿನಿಂದ ಹರಡುವ, ರಷ್ಯಾದ ಮಿದುಳುಜ್ವರದ ವೈರಸ್ಸಿನ ದಾಯಾದಿ. ಸೌರಾಷ್ಟ್ರ, ಕಛ್ ಕಡೆಯ ಜನರ ರಕ್ತದಲ್ಲಿ ಆ ರಷ್ಯಾದ ವೈರಸ್ಸಿಗೆ ಹೊಂದುವ ಪ್ರತಿಕಾಯ ಇರುವುದು ಕೆಲವು ವರ್ಷ ಮೊದಲೇ ಕಂಡಿತ್ತು, ಅದಕ್ಕೆ ತಕ್ಕ ರೋಗ ಮಾತ್ರ ಗೊತ್ತಿರಲಿಲ್ಲ. ರೋಗಕ್ಕೆ ಹೆಸರು ಸಿಗುವ ಮೊದಲೇ ರಕ್ತ ಅದರ ದಾಖಲೆ ಇಟ್ಟಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಈಗ ಸಿದ್ದಾಪುರದಲ್ಲಿ ಇದೇ ಜ್ವರದ, ಅಂದರೆ ಮಂಗನ ಕಾಯಿಲೆಯ, ಪರೀಕ್ಷೆ ದಿನದ ಲೆಕ್ಕದಲ್ಲಿ ನಡೆಯುತ್ತದೆ. ಜ್ವರ ಬಂದ ಮೊದಲ ದಿನಗಳಲ್ಲಾದರೆ ಪಿಸಿಆರ್, ಆಗ ವೈರಸ್ಸೇ ರಕ್ತದಲ್ಲಿರುತ್ತದೆ. ಐದಾರು ದಿನ ಕಳೆದ ಮೇಲೆ ಐಜಿಎಂ ಪ್ರತಿಕಾಯ. ಅದು ಕೆಲವು ತಿಂಗಳಿಗೆ ಇಳಿದು ಹೋಗುತ್ತದೆ, ಐಜಿಜಿ ವರ್ಷಗಟ್ಟಲೆ ಉಳಿಯುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಕಾಯಿಲೆ ಇದ್ದೂ ಇಲ್ಲವೆಂದು ಬರುತ್ತದೆ. ಡೆಂಗಿಯಂಥ ಸೋದರ ವೈರಸ್ಸುಗಳ ಪ್ರತಿಕಾಯ ಕೆಲವು ಪರೀಕ್ಷೆಗಳನ್ನು ದಾರಿ ತಪ್ಪಿಸುವುದೂ ಉಂಟು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ನರಳಿತು, ಸಿದ್ದಾಪುರಕ್ಕೂ ಬಂತು. 2024ರಲ್ಲಿ ಸಿದ್ದಾಪುರಕ್ಕೆ ಮತ್ತೆ ಬಂತು. ಹಳೆಯ ಲಸಿಕೆ ನಿಂತಿದೆ, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಉಳಿದಿದೆ. ದರಕು ಗುಡಿಸಲು ಸೊಪ್ಪಿನ ಬೆಟ್ಟಕ್ಕೆ ಹೋಗುವವರಲ್ಲಿ ಎಷ್ಟು ಮಂದಿಗೆ ಗೊತ್ತಿಲ್ಲದೇ ಈ ಸೋಂಕು ಬಂದು ಹೋಗಿದೆ? ಊರೂರಿನ ಐಜಿಜಿ ಸಮೀಕ್ಷೆ ಅದನ್ನು ಹೇಳಬಲ್ಲದು, ಹೊಸ ಲಸಿಕೆ ಬಂದಾಗ ಮೊದಲು ಎಲ್ಲಿ ಕೊಡಬೇಕೆಂಬುದನ್ನೂ.

ಮಾನದಂಡವಾಗಿ ನಾನು ಮತ್ತೆ ಮತ್ತೆ ನೆನೆಯುವ ಕೆಲಸ ಕಾಸರಗೋಡಿನದು. ಎಣ್ಮಕಜೆ ಪಂಚಾಯತಿಯ ಪಡ್ರೆ ಕನ್ನಡಿಗರ ಊರು. ಸುತ್ತಲ ಗುಡ್ಡದ ಗೇರು ತೋಪುಗಳಿಗೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಊರಿನ ವೈದ್ಯ ಡಾ. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಇವರೆಲ್ಲ ಊರಿನಲ್ಲಿ ಕಂಡ ಕಾಯಿಲೆಗಳ ಬಗ್ಗೆ ಬರೆದರು. ಅದಕ್ಕೆ ಸಿಕ್ಕ ಉತ್ತರ, ಪುರಾವೆ ಎಲ್ಲಿ ಎಂಬುದು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಬಂದರು. ಪಡ್ರೆಯ 117 ಶಾಲಾ ಹುಡುಗರು, ಸಿಂಪಡಣೆ ಇಲ್ಲದ ಇನ್ನೊಂದು ಊರಿನ 90 ಹುಡುಗರು. ಕೊನೆಯ ಸಿಂಪಡಣೆಯಾಗಿ ಹತ್ತು ತಿಂಗಳಾಗಿತ್ತು. ಪಡ್ರೆಯ ಹುಡುಗರ ರಕ್ತದಲ್ಲಿ ಸರಾಸರಿ ಶತಕೋಟಿಯಲ್ಲಿ 7.47 ಪಾಲು ಎಂಡೋಸಲ್ಫಾನ್, ಹೋಲಿಕೆಯ ಊರಿನಲ್ಲಿ 1.37. ಹುಡುಗರ ಪ್ರಾಯದ ಬೆಳವಣಿಗೆಯೂ ಹಿಂದುಳಿದಿತ್ತು. ಈ ಪ್ರಬಂಧ 2003ರಲ್ಲಿ ಪ್ರಕಟವಾಯಿತು.

ಈ ಕೆಲಸದ ಬಲ ಅಂಕಿಗಳಲ್ಲಿ ಮಾತ್ರ ಇಲ್ಲ. ಎಂಡೋಸಲ್ಫಾನ್ ರಕ್ತದಲ್ಲಿ ವರ್ಷಗಟ್ಟಲೆ ಕೂರುವ ವಿಷವಲ್ಲ, ದಿನಗಳಲ್ಲಿ ಕಡಿಮೆಯಾಗುತ್ತದೆ. ಹತ್ತು ತಿಂಗಳ ಮೇಲೂ ಮಕ್ಕಳ ರಕ್ತದಲ್ಲಿ ಇತ್ತೆಂದರೆ ಹೆಲಿಕಾಪ್ಟರು ನಿಂತರೂ ಮಣ್ಣು, ನೀರಿನ ದಾರಿಯಿಂದ ಅದು ಇನ್ನೂ ಒಳಗೆ ಹೋಗುತ್ತಲೇ ಇತ್ತು ಎಂದರ್ಥ. ಗುರುತಿನ ಆಯಸ್ಸು ಗೊತ್ತಿದ್ದವರಿಗೆ ಮಾತ್ರ ಆ ಅಂಕಿ ಇದನ್ನು ಹೇಳುತ್ತದೆ. ಹೋಲಿಕೆಗೆ ಇನ್ನೊಂದು ಊರನ್ನು ಇಟ್ಟುಕೊಂಡದ್ದು, ವಿಷವನ್ನೂ ಬೆಳವಣಿಗೆಯನ್ನೂ ಒಟ್ಟಿಗೇ ನೋಡಿದ್ದು ಅವರ ಶಿಸ್ತು. ಮಿತಿಗಳೂ ಇವೆ. ರಕ್ತ ತೆಗೆದದ್ದು ಒಂದೇ ಸಲ. ಈ ಪ್ರಬಂಧದಲ್ಲಿ ಹೆಣ್ಣುಮಕ್ಕಳ ಲೆಕ್ಕವಿಲ್ಲ. ಗುಂಪಿನ ಬಗ್ಗೆ ಹೇಳಿದ್ದನ್ನು ಇಂಥ ಹುಡುಗನ ತೊಂದರೆಗೆ ಇದೇ ಕಾರಣ ಎಂದು ತಿರುಗಿಸಿ ಹೇಳಲು ಆಗದು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ತಡೆ ಹಾಕಿತು. ಅಲ್ಲಿಯವರೆಗಿನ ಹೋರಾಟಕ್ಕೆ ಆ ರಕ್ತದ ಕೊಳವೆಗಳು ದೊಡ್ಡ ಆಸರೆಯಾದವು.

ಇದೇ ಕೀಟನಾಶಕ ಸುರಿದ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಇವತ್ತು ರಕ್ತ ತೆಗೆದರೆ ಏನೂ ಸಿಗಲಾರದು. ಸಂತ್ರಸ್ತರು ನಮ್ಮ ಜಿಲ್ಲೆಯ ಕರಾವಳಿಯಲ್ಲೂ ಇದ್ದಾರೆ. ಅವರನ್ನು ರಕ್ತದ ಪುರಾವೆ ಕೇಳುವುದು ಕ್ರೌರ್ಯ, ವಿಜ್ಞಾನದ ಲೆಕ್ಕದಲ್ಲೂ ತಪ್ಪು. ಅವರ ಮಟ್ಟಿಗೆ ಸಾಕ್ಷಿ ಎಂದರೆ ಸಿಂಪಡಣೆಯ ದಾಖಲೆ, ಊರಿನ ನಕ್ಷೆ, ಮಕ್ಕಳ ಹುಟ್ಟಿದ ವರ್ಷ.

ಕೊನೆಗೌಡನ ರಕ್ತ ಮಾತ್ರ ಇನ್ನೂ ಮಾತನಾಡುವ ಸ್ಥಿತಿಯಲ್ಲಿದೆ. ಕೋಲಿನೆಸ್ಟರೇಸ್ ಪರೀಕ್ಷೆ ನಮಗೆ ಹೊಸದೂ ಅಲ್ಲ. ಕೀಟನಾಶಕ ಕುಡಿದವರನ್ನು ಆಸ್ಪತ್ರೆಗೆ ತಂದಾಗ ವೈದ್ಯರು ಬರೆಯುವುದು ಇದನ್ನೇ. ಕುಡಿದವರಿಗೆ ಮಾಡುವ ಪರೀಕ್ಷೆಯನ್ನು ಹೊಡೆಯುವವರಿಗೂ ಮಾಡಬೇಕು, ಅಷ್ಟೇ. ಒಂದು ಸಲದ ಅರವತ್ತು ಅಂಶದ ಬದಲು ಎರಡು ಸಲದ ನಾಲ್ಕೈದು ಅಂಶ ಸಾಕು. ಶುಂಠಿ ನಾಟಿ ಶುರುವಾಗುವ ಮೊದಲು, ಮಾರ್ಚ್ ತಿಂಗಳಲ್ಲಿ, ಔಷಧಿ ಮುಟ್ಟದೇ ಒಂದು ತಿಂಗಳು ಕಳೆದವರ ಮೊದಲ ರಕ್ತ, ಜೊತೆಗೆ ಉಸಿರಿನ ಅಳತೆ, ಬಾಯಿಯ ತಪಾಸಣೆ. ಸಿಂಪಡಣೆ ಜೋರಾಗಿರುವ ಜುಲೈ, ಆಗಸ್ಟಿನಲ್ಲಿ ಎರಡನೆಯದು. ಎರಡೂ ಅಂಕಿ ಬರೆದ ಚೀಟಿ ಕೆಲಸಗಾರನ ಕೈಯಲ್ಲೇ ಇರಬೇಕು. ತೋಟದ ಯಜಮಾನನ ಕೈಗೆ ಮೊದಲು ಹೋದರೆ, ಅಂಕಿ ಇಳಿದವನನ್ನು ಮರುದಿನದಿಂದ ಕೆಲಸಕ್ಕೆ ಕರೆಯದೇ ಬಿಡುವುದು ಸುಲಭ. ಆ ಭಯ ಇದ್ದಲ್ಲಿ ಯಾರೂ ತೋಳು ಚಾಚುವುದಿಲ್ಲ. ಅಂಕಿ ಇಳಿದವನಿಗೆ ಅದೇ ಕೂಲಿಗೆ ಔಷಧಿ ಮುಟ್ಟದ ಬೇರೆ ಕೆಲಸ ಕೊಡುತ್ತೇವೆಂದು ಊರಿನ ಬೆಳೆಗಾರರು ಮೊದಲೇ ಒಪ್ಪಿ ಬರೆದುಕೊಡಬೇಕು. ಶಿಬಿರದ ದಿನ ಗೊತ್ತುಮಾಡುವುದು ಆಮೇಲಿನ ಕೆಲಸ.